ಎರಡನೇ ಡಿಸ್ಕ್

ಸೊಕ್ಕೆಯಲ್ಲಿ ನನ್ನ ಸೋದರಮಾವ ಸಿಡಿ ಅಂಗಡಿ ಇಟ್ಟಿದ್ದ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ, ಅಷ್ಟೇ. ರಸ್ತೆ ಕಡೆಗೆ ಗೋಡೆ ಒಡೆಸಿ ಒಂದು ಹಲಗೆ ಹಾಕಿಸಿದ್ದ. ಸಂಜೆ ಹೊಲದಿಂದ ಬಂದವರು ಹಲಗೆಗೆ ಮೊಳಕೈ ಊರಿ ನಿಂತು ಡಿಸ್ಕು ಆರಿಸುತ್ತಿದ್ದರು. ರಾತ್ರಿಗೆ 10 ರೂಪಾಯಿ ಬಾಡಿಗೆ. ರಾಜ್‌ಕುಮಾರ್, ವಿಷ್ಣುವರ್ಧನ್ ಕಣ್ಣಿಗೆ ಕಾಣುವ ಸಾಲಿನಲ್ಲಿ, ಉಪೇಂದ್ರ, ದರ್ಶನ್ ಅದರ ಕೆಳಗೆ. ಹಲಗೆಯಡಿ ಬಿಸ್ಕತ್ತಿನ ಒಂದು ರಟ್ಟಿನ ಪೆಟ್ಟಿಗೆ ಇರುತ್ತಿತ್ತು. ಅದರೊಳಗಿದ್ದ ಡಿಸ್ಕುಗಳಿಗೆಲ್ಲ ಊರಲ್ಲಿ ಒಂದೇ ಹೆಸರು: 'ದೆವ್ವದ್ದು'.

"ದೆವ್ವದ್ದು ಏನಾದ್ರೂ ಬಂದೈತಾ?" ಎಂದು ಕೇಳುವವರ ದನಿ ತಗ್ಗಿರುತ್ತಿತ್ತು. ದೆವ್ವದ ಸಿನಿಮಾ ಕೇಳೋದಕ್ಕೆ ನಾಚಿಕೆ ಯಾಕೆ ಎಂದು ನನಗೆ ಆಗ ತಿಳಿಯುತ್ತಿರಲಿಲ್ಲ. ಆ ಡಿಸ್ಕುಗಳ ಕವರಿನ ಮೇಲೆ ಕೋರೆಹಲ್ಲಿನ ಒಂದು ಮುಖ, ಅದರ ಪಕ್ಕ ಒದ್ದೆ ಸೀರೆಯ ಒಬ್ಬ ಹೆಂಗಸು ಇರುತ್ತಿದ್ದರು. ಗಂಡಸರು ಕೇಳುತ್ತಿದ್ದದ್ದು ಹೆಂಗಸನ್ನು, ಹೆಸರು ಹೇಳುತ್ತಿದ್ದದ್ದು ದೆವ್ವದ್ದು. ಅಮಾವಾಸ್ಯೆಗೋ ಹಬ್ಬದ ಮಾರನೆ ದಿನವೋ ಮಾವನ ಕೋಣೆಯಲ್ಲೇ ಹತ್ತು ಹದಿನೈದು ಜನ ಸೇರಿ ಬಾಗಿಲು ಹಾಕಿಕೊಂಡು ನೋಡುತ್ತಿದ್ದರು. ಅಜ್ಜಿಯ ಮನೆಗೆ ಹೋದಾಗ ನಾನು ಅತ್ತೆಯ ಜೊತೆ ಗೋಡೆಯ ಈಚೆ ಮಲಗಿರುತ್ತಿದ್ದೆ. ಹಾಗಾಗಿ ಈ ಸಿನಿಮಾಗಳನ್ನು ನಾನು ಮೊದಲು ನೋಡಲಿಲ್ಲ, ಕೇಳಿದೆ. ಬಾಗಿಲು ಕಿರುಗುಟ್ಟುವುದು, ಗಾಳಿ, ನಾಯಿ ಊಳಿಡುವುದು, ಹೆಂಗಸಿನ ಚೀರಾಟ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಗಂಡಸರೂ ಸುಮ್ಮನಾಗುವುದು. ಆ ಸುಮ್ಮನಾಗುವುದೇ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ತರುತ್ತಿತ್ತು.

ಈಗ ನಾನು ಪಿಎಚ್‌ಡಿ ಮಾಡುತ್ತಿರುವುದು ಇವುಗಳ ಮೇಲೆಯೇ. ಕಡಿಮೆ ದುಡ್ಡಿನಲ್ಲಿ ತಯಾರಾದ ರಕ್ತಪಿಶಾಚಿಯ, ಶೃಂಗಾರದ ಸಿನಿಮಾಗಳು ಕ್ಯಾಸೆಟ್ಟು, ಡಿಸ್ಕುಗಳ ಮೂಲಕ ಮನೆಯೊಳಗೆ ಬಂದದ್ದು ಹೇಗೆ ಎಂಬುದು ವಿಷಯ. ಊರಲ್ಲಿ ಯಾರಾದರೂ ಕೇಳಿದರೆ "ಸಿನಿಮಾ ಮೇಲೆ" ಎಂದಷ್ಟೇ ಹೇಳುತ್ತೇನೆ. ಅಂದರೆ ಹಲಗೆಯ ಮುಂದೆ ನಿಂತವರ ಹಾಗೆ ನಾನೂ ದನಿ ತಗ್ಗಿಸುತ್ತೇನೆ.

ಅತ್ತೆಗೆ ಮಕ್ಕಳಿರಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು. ಹರಕೆ ಹೊತ್ತಿದ್ದಳು, ದಾವಣಗೆರೆಯ ಡಾಕ್ಟರಿಗೆ ತೋರಿಸಿಯೂ ಆಗಿತ್ತು. ಓಣಿಯಲ್ಲಿ ಯಾರದಾದರೂ ಸೀಮಂತ ಇದ್ದರೆ ಅವಳಿಗೆ ಅಡುಗೆಮನೆಯ ಕೆಲಸ ಹಚ್ಚುತ್ತಿದ್ದರು, ಆರತಿಗೆ ಕರೆಯುತ್ತಿರಲಿಲ್ಲ. ಯಾರೂ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಅವಳೂ ಏನೂ ಅನ್ನದೆ ಈರುಳ್ಳಿ ಹೆಚ್ಚುತ್ತಿದ್ದಳು.

2009ರ ಬೇಸಿಗೆ ರಜೆ. ನಾನು ಆರನೇ ಕ್ಲಾಸು ಮುಗಿಸಿದ್ದೆ. ಮಾವ ಹೊಸ ಡಿಸ್ಕು ತರಲು ದಾವಣಗೆರೆಗೆ ಹೋಗಿದ್ದ. ಮಧ್ಯಾಹ್ನ ಕರೆಂಟು ಬಂತು. ಅತ್ತೆ ಹಲಗೆಯಡಿಯ ಪೆಟ್ಟಿಗೆ ಎಳೆದು, ಒಂದು ಡಿಸ್ಕು ತೆಗೆದು ನನ್ನ ಕೈಗಿಟ್ಟಳು.

"ಇದು ಹಾಕೆ. ಮೊನ್ನೆ ರಾತ್ರಿ ಇದರಾಗೆ ಒಂದು ಕೂಸು ಅಳ್ತಿತ್ತು. ಯಾರದು ಅಂತ ನೋಡ್ಬೇಕು."

ಅದು 'ಬಂದ್ ದರ್ವಾಜಾ'. ತುಳಸಿ ರಾಮ್ಸೆ, ಶ್ಯಾಮ್ ರಾಮ್ಸೆ ನಿರ್ದೇಶಿಸಿದ, 1990ರಲ್ಲಿ ತೆರೆಕಂಡ ಸಿನಿಮಾ. ಕಥೆ ಇಷ್ಟು: ಮಕ್ಕಳಿಲ್ಲದ ಠಕುರಾಯಿನ್ ಒಬ್ಬಳು ಮನೆಗೆಲಸದ ಮಹುವಾಳ ಮಾತು ಕೇಳಿ ಕಾಲಿ ಪಹಾಡಿಯ ಗುಹೆಯಲ್ಲಿರುವ ನೇವ್ಲಾನ ಬಳಿ ಹೋಗುತ್ತಾಳೆ. ನೇವ್ಲಾ ರಕ್ತಪಿಶಾಚಿ. ಅವನ ಷರತ್ತು ಒಂದೇ, ಹೆಣ್ಣು ಹುಟ್ಟಿದರೆ ಕೂಸು ಅವನದು. ಹೆಣ್ಣೇ ಹುಟ್ಟುತ್ತದೆ. ತಾಯಿ ಕೊಡುವುದಿಲ್ಲ. ಠಾಕೂರ ನೇವ್ಲಾನನ್ನು ಮುಗಿಸುತ್ತಾನೆ. ಆ ಕೂಸು ದೊಡ್ಡವಳಾಗಿ ಕಾಮ್ಯಾ ಆಗುತ್ತಾಳೆ, ತನ್ನನ್ನು ಒಲ್ಲದ ಹುಡುಗನಿಗಾಗಿ ಹಂಬಲಿಸಿ ಅದೇ ಪಹಾಡಿಯ ದಾರಿ ಹಿಡಿಯುತ್ತಾಳೆ.

ಇದೆಲ್ಲ ಈಗ ಗೊತ್ತು. ಆಗ ನನ್ನ ಹಿಂದಿ ಒಂದೇ ವರ್ಷದ್ದು. ಅತ್ತೆಗೆ ಅದೂ ಇಲ್ಲ. "ಏನಂದ್ಲು? ಏನಂದ್ಲು ಹೇಳೆ" ಎಂದು ಅವಳು ತಿವಿಯುತ್ತಿದ್ದಳು, ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಅರ್ಧ ಸಿನಿಮಾ ರಾಮ್ಸೆಗಳದ್ದು, ಅರ್ಧ ನನ್ನದು. ನಾಚಿಕೆಯ ದೃಶ್ಯ ಬಂದರೆ ಅತ್ತೆ ರಿಮೋಟು ಒತ್ತಿ ಓಡಿಸುತ್ತಿದ್ದಳು. ರಾತ್ರಿ ಗಂಡಸರು ಕಾದು ಕೂತು ನೋಡಿದ್ದೆಲ್ಲ ಮಧ್ಯಾಹ್ನ ಎರಡು ಸೆಕೆಂಡಿನಲ್ಲಿ ಹಾರಿಹೋಯಿತು. ಆದರೆ ಠಕುರಾಯಿನ್ ಗುಹೆಗೆ ಹೋಗುವ ಭಾಗವನ್ನು ಅವಳು ಹಿಂದಕ್ಕೆ ಸರಿಸಿ ಮತ್ತೆ ಹಾಕಿಸಿದಳು. ನಾನು ಭಯಕ್ಕೆ ಅವಳ ಸೆರಗು ಹಿಡಿದಿದ್ದೆ. ಅವಳ ಮುಖದಲ್ಲಿ ಭಯವಿರಲಿಲ್ಲ. ಪಕ್ಕದ ಮನೆಯವರ ಕಷ್ಟ ಕೇಳುವಾಗಿನ ಮುಖ ಅದು.

ಕಾಮ್ಯಾ ಪಹಾಡಿಯ ಕಡೆ ಹೊರಟಳು, ಪರದೆ ನೀಲಿಯಾಯಿತು. ಮೊದಲನೇ ಡಿಸ್ಕ್ ಮುಗಿದಿತ್ತು. ಎರಡನೆಯದು ಕವರಿನಲ್ಲಿರಲಿಲ್ಲ. ಯಾರೋ ಒಯ್ದವರು ವಾಪಸು ಕೊಟ್ಟಿರಲಿಲ್ಲ, ಆಮೇಲೂ ಕೊಡಲಿಲ್ಲ.

ವಿಸಿಡಿ ನೋಡಿ ಬೆಳೆದವರಿಗೆ ಈ ನೀಲಿ ಪರದೆ ನೆನಪಿರಬೇಕು. 1993ರಲ್ಲಿ ರೂಪುಗೊಂಡ ಈ ತಂತ್ರದಲ್ಲಿ ಒಂದು ಡಿಸ್ಕಿಗೆ ಸುಮಾರು 74 ನಿಮಿಷ ಮಾತ್ರ ಹಿಡಿಸುತ್ತಿತ್ತು. ನಮ್ಮ ಸಿನಿಮಾ ಎರಡೂವರೆ ತಾಸಿನದು, ಆದ್ದರಿಂದ ಎರಡು ಡಿಸ್ಕು ಬೇಕೇ ಬೇಕು. ಚಿತ್ರದ ಅಳತೆ 352×288 ಚುಕ್ಕಿ. ಕತ್ತಲ ದೃಶ್ಯ ಬಂದರೆ ಚೌಕ ಚೌಕ ಕಪ್ಪು ಕಲೆ ಕಾಣುತ್ತಿತ್ತು, ದೆವ್ವದ ಸಿನಿಮಾದಲ್ಲಂತೂ ಬಹುಪಾಲು ಕತ್ತಲೇ. ಅಮೆರಿಕದ ಮನೆಗಳು ವಿಸಿಡಿಯನ್ನು ಒಪ್ಪಿಕೊಳ್ಳಲಿಲ್ಲ, ಏಷ್ಯಾದ ಮನೆಗಳು ಕೈಬಿಡಲಿಲ್ಲ. 2007ರಲ್ಲಿ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಮಾರತೊಡಗಿತು. ಸಿನಿಮಾ ನೋಡುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಕೂಲಿಯವರ ಕೈಗೆ ಎಟುಕಿತು.

ರಾಮ್ಸೆಗಳ ಕಥೆಯೂ ಹೀಗೆ ಮನೆ, ಅಂಗಡಿಯ ಕಥೆಯೇ. ಎಫ್.ಯು. ರಾಮ್ಸೆ ಕರಾಚಿಯಲ್ಲಿ ರೇಡಿಯೊ ಅಂಗಡಿ ನಡೆಸುತ್ತಿದ್ದವರು, ದೇಶ ವಿಭಜನೆಯಾದಾಗ ಮುಂಬೈಗೆ ಬಂದವರು. ಏಳು ಗಂಡುಮಕ್ಕಳು. 1970ರಲ್ಲಿ ಅವರು ನಿರ್ಮಿಸಿದ 'ಏಕ್ ನನ್ಹೀ ಮುನ್ನೀ ಲಡ್ಕೀ ಥೀ' ಸೋತಿತು. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ಭಯಂಕರ ಮುಖವಾಡ ತೊಟ್ಟು ಕಳ್ಳತನಕ್ಕೆ ಬರುವ ದೃಶ್ಯವೊಂದನ್ನು ಜನ ಮೆಚ್ಚಿದ್ದನ್ನು ಮಕ್ಕಳು ಗಮನಿಸಿದರು. ಹಾಗಾದರೆ ಬರೀ ದೆವ್ವವನ್ನೇ ಯಾಕೆ ಮಾಡಬಾರದು? 1972ರ 'ದೋ ಗಜ್ ಜಮೀನ್ ಕೆ ನೀಚೆ'ಗಾಗಿ ಸಂಸಾರ ಸಮೇತ ಮಹಾಬಲೇಶ್ವರಕ್ಕೆ ಹೋದರು. ಒಬ್ಬ ಕ್ಯಾಮೆರಾ, ಒಬ್ಬ ಧ್ವನಿ, ಒಬ್ಬ ಕಥೆ, ಒಬ್ಬ ಸಂಕಲನ. 1984ರಲ್ಲಿ 'ಪುರಾನಾ ಮಂದಿರ್' ದೊಡ್ಡ ದುಡ್ಡು ತಂದಿತು. ಅದರ ಸಾಮ್ರಿಯೂ 'ಬಂದ್ ದರ್ವಾಜಾ'ದ ನೇವ್ಲಾನೂ ಒಬ್ಬರೇ: ಸಿವಿಲ್ ಎಂಜಿನಿಯರಿಂಗ್ ಓದಿದ್ದ ಎತ್ತರದ ಮನುಷ್ಯ ಅನಿರುದ್ಧ್ ಅಗರ್ವಾಲ್.

ರಕ್ತ ಹೀರುವವನನ್ನೂ ಶೃಂಗಾರವನ್ನೂ ಒಟ್ಟಿಗೆ ಕಟ್ಟಿದ್ದು ರಾಮ್ಸೆಗಳಲ್ಲ. ಬ್ರಾಮ್ ಸ್ಟೋಕರನ 'ಡ್ರಾಕುಲಾ' ಬಂದದ್ದು 1897ರಲ್ಲಿ. ಅದಕ್ಕೆ ಕಾಲು ಶತಮಾನ ಮೊದಲೇ, 1872ರಲ್ಲಿ, ಲೆ ಫಾನು 'ಕಾರ್ಮಿಲ್ಲಾ' ಬರೆದಿದ್ದ. ಅಲ್ಲಿ ರಕ್ತ ಹೀರುವವಳು ಹುಡುಗಿ, ಅವಳ ಪ್ರೀತಿಯೂ ಹುಡುಗಿಯ ಮೇಲೆಯೇ. ಇಂಗ್ಲೆಂಡಿನ ಹ್ಯಾಮರ್ ಕಂಪನಿ 1970ರಲ್ಲಿ ಅದನ್ನೇ 'ದಿ ವ್ಯಾಂಪೈರ್ ಲವರ್ಸ್' ಮಾಡಿತು. ಮರುವರ್ಷ ಜೆಸ್ ಫ್ರಾಂಕೊ 'ವ್ಯಾಂಪೈರೋಸ್ ಲೆಸ್ಬೋಸ್' ಮಾಡಿದ. ಫ್ರಾನ್ಸಿನ ಜಾನ್ ರೋಲಾನ್ 1968ರಿಂದಲೇ ಚಿಲ್ಲರೆ ದುಡ್ಡಿನಲ್ಲಿ, ಒಂದೇ ಸಮುದ್ರ ತೀರವನ್ನು ಮತ್ತೆ ಮತ್ತೆ ತೋರಿಸುತ್ತ ಇಂಥವನ್ನು ತೆಗೆಯುತ್ತಿದ್ದ. ಇವರೆಲ್ಲರ ಸಿನಿಮಾಗಳನ್ನು ದಶಕಗಳ ಕಾಲ ಉಳಿಸಿದ್ದು ಕ್ಯಾಸೆಟ್ಟು, ಡಿಸ್ಕುಗಳೇ. ಹೆಣ್ಣಿನ ಆಸೆಯನ್ನು ನೇರ ತೋರಿಸಿದರೆ ಕತ್ತರಿ ಬೀಳುತ್ತದೆ. ಆಸೆಗೆ ಕೋರೆಹಲ್ಲು ಹಚ್ಚಿದರೆ ಎರಡು ತಾಸು ತೋರಿಸಬಹುದು, ಕೊನೆಯ ಹತ್ತು ನಿಮಿಷದಲ್ಲಿ ಅದನ್ನು ಕೊಂದರಾಯಿತು.

ಇದಕ್ಕೆ ನಾವು ಹೊರಗಿನವರಲ್ಲ. ಕನ್ನಡಿಗರಿಗೆ ದೆವ್ವದ ಸಿನಿಮಾ ಎಂದರೆ ಮೊದಲು ನೆನಪಾಗುವುದು 1979ರ 'ನಾ ನಿನ್ನ ಬಿಡಲಾರೆ'. ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾ. ಅದರಲ್ಲಿ ಅನಂತನಾಗ್ ಮೈಮೇಲೆ ಬರುವ ಹೆಣ್ಣಿನ ಹೆಸರು ಕಾಮಿನಿ. ರಾಮ್ಸೆಗಳ ಹುಡುಗಿ ಕಾಮ್ಯಾ. ಒಂದನ್ನು ಮಾವ ಮುಂದಿನ ಸಾಲಿನಲ್ಲಿಟ್ಟಿದ್ದ, ಇನ್ನೊಂದನ್ನು ಹಲಗೆಯಡಿ. ಹೆಸರಿಡುವಾಗ ಎರಡೂ ಕಡೆ ಒಂದೇ ಬುದ್ಧಿ ಓಡಿದೆ.

ಹೊರಗಿನ ಸಂಗ್ರಹಕಾರರು ರಾಮ್ಸೆಗಳನ್ನು ಚೆನ್ನಾಗಿಯೇ ಉಳಿಸಿದ್ದಾರೆ. ಮೊಂಡೊ ಮಕಾಬ್ರೊ ಸಂಸ್ಥೆ ಮೊದಲು ಡಿವಿಡಿ ತಂದಿತು, 2023ರಲ್ಲಿ ಆರು ಸಿನಿಮಾಗಳ ಬ್ಲೂರೇ ಪೆಟ್ಟಿಗೆಯನ್ನೇ ತಂದಿತು. ಗೆಳತಿಯೊಬ್ಬಳ ದಯೆಯಿಂದ ಅದು ನನ್ನ ಕೈಗೂ ಬಂತು. ಹಾಸ್ಟೆಲಿನ ಕೋಣೆಯಲ್ಲಿ ಕೂತು 'ಬಂದ್ ದರ್ವಾಜಾ' ನೋಡಿದೆ. ಚೌಕ ಕಲೆಗಳಿಲ್ಲ. ಗುಹೆಯ ಕೆಂಪು ಬೆಳಕು, ನೀಲಿ ಹೊಗೆ ಎಲ್ಲ ನಿಚ್ಚಳ. ಇಷ್ಟು ಕಷ್ಟಪಟ್ಟು ದೀಪ ಇಟ್ಟಿದ್ದರೇ ಎಂದು ಮೊದಲ ಸಲ ಅನ್ನಿಸಿತು. ಅರ್ಧಕ್ಕೆ ಬಂದಾಗ ಕೈ ತಾನಾಗಿ ನಿಲ್ಲಿಸಿತು. ಕಾಮ್ಯಾ ಪಹಾಡಿಯ ಕಡೆ ಹೊರಟಿದ್ದಳು. ಹದಿನೈದು ವರ್ಷದಿಂದ ಅವಳು ಅಲ್ಲೇ ಇದ್ದಳು.

ನನ್ನ ಪ್ರಬಂಧದ ಪ್ರಗತಿ ಪರಿಶೀಲನೆಯಲ್ಲಿ ಹಿರಿಯರೊಬ್ಬರು, "ಇವನ್ನು ನೋಡುತ್ತಿದ್ದದ್ದು ಪಡ್ಡೆ ಹುಡುಗರು. ಅದರಲ್ಲಿ ಸಂಶೋಧನೆ ಏನು ಮಾಡ್ತೀರಿ?" ಎಂದು ಕೇಳಿದ್ದರು. ನಾನು ಪುಸ್ತಕಗಳ ಹೆಸರು ಹೇಳಿ ಪಾರಾಗಿದ್ದೆ. ಅತ್ತೆಯ ಹೆಸರು ಹೇಳಲಿಲ್ಲ. ಟಾಕೀಸಿನ ಟಿಕೆಟ್ಟಿನ ಲೆಕ್ಕದಲ್ಲಿ ಅವಳಿಲ್ಲ, ಮಾವನ ಬಾಡಿಗೆ ಪುಸ್ತಕದಲ್ಲೂ ಇಲ್ಲ. ಗಂಡ ಊರಲ್ಲಿಲ್ಲದ ಒಂದು ಮಧ್ಯಾಹ್ನ ಕದ್ದು ನೋಡಿದವಳನ್ನು ಯಾವ ದಾಖಲೆಯಲ್ಲಿ ಹುಡುಕುವುದು?

ಈ ಸಲ ಯುಗಾದಿಗೆ ಸೊಕ್ಕೆಗೆ ಲ್ಯಾಪ್‌ಟಾಪ್ ಒಯ್ದೆ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದೆ. ಮೊದಲು ಮೆಮೊರಿ ಕಾರ್ಡು ಬಂತು, ಆಮೇಲೆ ಅಗ್ಗದ ಇಂಟರ್ನೆಟ್ಟು. ಉಳಿದ ಡಿಸ್ಕುಗಳಿಗೆ ಮಾವ ದಾರ ಪೋಣಿಸಿ ಜೋಳದ ಹೊಲದಲ್ಲಿ ಹಕ್ಕಿ ಬೆದರಿಸಲು ಕಟ್ಟಿದ್ದ. "ದೆವ್ವದ್ದು ಈಗ್ಲೂ ಕೆಲಸ ಮಾಡ್ತಾವೆ ಬಿಡು" ಎಂದು ನಕ್ಕ.

ಮಧ್ಯಾಹ್ನ ಅವನು ಮಲಗಿದ ಮೇಲೆ ಅತ್ತೆಯನ್ನು ಕೇಳಿದೆ. "ಆ ಸಿನಿಮಾ ನೆನಪೈತಾ ಅತ್ತೆ? ಎರಡನೇ ಡಿಸ್ಕು ಸಿಕ್ಕಿರಲಿಲ್ಲ."

"ಆ ಕೂಸಿನ ಸಿನಿಮಾ? ನೆನಪಿಲ್ದೆ ಏನು. ಆಮೇಲೆ ಏನಾತು ಅಂತ ನಾನೇ ಮಾಡ್ಕಂಡಿದ್ದೆ. ಆ ಹುಡುಗಿ ಗುಡ್ಡಕ್ಕೆ ಹೋಗಿ 'ನಾನು ಯಾರ ಮಗಳು?' ಅಂತ ಅವನ್ನ ಕೇಳ್ತಾಳೆ. ಅವನು 'ನಿಮ್ಮವ್ವನ ಮಗಳು, ಮನಿಗೆ ಹೋಗು' ಅಂತಾನೆ."

ಉಳಿದರ್ಧವನ್ನು ಇಬ್ಬರೂ ಕೂತು ನೋಡಿದೆವು. ಈ ಸಲ ನಾನು ಹಿಂದಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅತ್ತೆ ಏನನ್ನೂ ಓಡಿಸಲು ಹೇಳಲಿಲ್ಲ. ನೇವ್ಲಾ ಸತ್ತ, ಇಂಥ ಸಿನಿಮಾಗಳಲ್ಲಿ ಅವನು ಸಾಯಲೇಬೇಕು. ನಾಯಕ ನಾಯಕಿ ಉಳಿದರು. ಕಾಮ್ಯಾಳ ಮೇಲೆ ಸಿನಿಮಾಕ್ಕೆ ಅಂಥ ಕರುಣೆಯೇನೂ ಇರಲಿಲ್ಲ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ಅಷ್ಟು ಬೇಡಿ ಹಡೆದ್ಲಲ್ಲ, ಅವಳವ್ವ. ಕೊನಿಗೆ ಅವಳನ್ನ ಯಾರೂ ನೆನಸ್ಲೇ ಇಲ್ಲ ನೋಡು."

ನಾನು ನೋಡಿದ್ದ ಯಾವ ಬರಹದಲ್ಲೂ ಈ ಮಾತು ಇರಲಿಲ್ಲ. ನನ್ನ ಅಧ್ಯಾಯದಲ್ಲೂ ಇರಲಿಲ್ಲ. ಅಲ್ಲಿ ಕಾಮ್ಯಾಳ ಬಗ್ಗೆ ಇಪ್ಪತ್ತು ಪುಟ ಇದೆ, ಅವಳ ತಾಯಿಯ ಬಗ್ಗೆ ಒಂದು ಸಾಲು. ಬರೆದುಕೊಳ್ಳಲಾ ಎಂದು ಕೇಳಿದೆ.

"ಬರ್ಕಾ. ನನ್ನ ಹೆಸರು ಬ್ಯಾಡ" ಎಂದಳು. ಆಮೇಲೆ ಒಳಗೆ ಹೋಗಿ ಚಾ ಇಟ್ಟು ಬಂದು ಬಾಗಿಲಲ್ಲಿ ನಿಂತಳು. "ಅತ್ತೆ ಹೇಳಿದ್ಲು ಅಂತ ಬೇಕಾದ್ರೆ ಹಾಕು."