ಕೂಸಿನ ಮೊದಲ ಪ್ರಸಾದ

ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನೊಡನೆ ಮೇಲುಣಿಸೂ ಬೇಕು. ಉದ್ಯೋಗಕ್ಕೆ ಹೋಗುವ ಸೊಸೆಯು ಡಬ್ಬಿಯ ಹಿಟ್ಟನ್ನು ನೆಚ್ಚುವುದು ಸಹಜ. ನಮ್ಮ ಮನೆಯಲ್ಲಿ ಆ ಹೊರೆಯನ್ನು ನಾವು ಹಿರಿಯರು ವಹಿಸಿಕೊಂಡೆವು.

ರಾಗಿಯನ್ನು ರಾತ್ರಿ ನೆನೆಯಿಟ್ಟು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುವಸ್ತ್ರದಲ್ಲಿ ಸೋಸಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಮೊಳಕೆಯಿಂದ ಅದು ಸುಲಭವಾಗಿ ಮೈಗೂಡುತ್ತದೆ. ಗಂಟಾಗದಂತೆ ತಣ್ಣೀರಿನಲ್ಲಿ ಕದಡಿ, ಕೈಯಾಡಿಸುತ್ತ ಬೇಯಿಸಿ, ಚಮಚದಿಂದ ಸುಲಭವಾಗಿ ಜಾರದಷ್ಟು ಗಟ್ಟಿಯಾಗಿ ಉಣಿಸಬೇಕು.

ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಬೇಡ. ಜೇನು ನೆಕ್ಕಿಸುವ ಹಳೆಯ ರೂಢಿಯನ್ನಂತೂ ಬಿಡಲೇಬೇಕು. ಅದರಲ್ಲಿರಬಹುದಾದ ರೋಗಾಣು ಹಸುಗೂಸಿನ ಪ್ರಾಣಕ್ಕೇ ಎರವಾಗಬಲ್ಲದು.

ಜಂಗಮರಿಗೆ ಬಡಿಸುವ ಶುಚಿ, ಶ್ರದ್ಧೆಗಳೇ ಕೂಸಿನ ತುತ್ತಿಗೂ ಸಲ್ಲಲಿ. ತಾಯಿಯೊಬ್ಬಳದೇ ಅಲ್ಲ, ಇದು ಮನೆಮಂದಿಯೆಲ್ಲರ ಕಾಯಕ.