ಪರದೆಗೂ ಪರಿಚಯ ಬೇಕು

ಗಣಕಯಂತ್ರದ ತಂತಿಯನ್ನು ಪರದೆಗೆ ಸಿಕ್ಕಿಸಿದ ಕ್ಷಣದಲ್ಲಿ ಅವೆರಡರ ನಡುವೆ ಒಂದು ಪುಟ್ಟ ಸಂಭಾಷಣೆ ನಡೆದುಹೋಗುತ್ತದೆ. ಅದು ನಮ್ಮ ಕಿವಿಗೆ ಬೀಳುವಂಥದ್ದಲ್ಲ. "ನನ್ನನ್ನು ತಯಾರಿಸಿದವರು ಇಂಥವರು, ಹುಟ್ಟಿದ್ದು ಇಂಥ ವರ್ಷ, ನನ್ನ ಅಗಲ ಇಷ್ಟು, ಎತ್ತರ ಇಷ್ಟು, ಇಷ್ಟು ಚುಕ್ಕಿಗಳಲ್ಲಿ ಬರೆದರೆ ನಾನು ಚೆನ್ನಾಗಿ ತೋರಿಸಬಲ್ಲೆ" ಎಂದು ಪರದೆಯು ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತದೆ. ಇ.ಡಿ.ಐ.ಡಿ. ಎಂದು ಕರೆಯಲಾಗುವ ಈ ಪರಿಚಯಪತ್ರದ ಮೂಲರೂಪ 128 ಬೈಟ್‌ಗಳಷ್ಟು ಮಾತ್ರ. ವೆಸಾ ಎಂಬ ಮಾನಕ ಸಂಸ್ಥೆ 1994ರಲ್ಲಿ ಇದನ್ನು ರೂಪಿಸಿತು. ಅದಕ್ಕೂ ಮೊದಲು ಪರದೆಯ ಗುಣಗಳನ್ನು ಮನುಷ್ಯನೇ ಪುಸ್ತಿಕೆ ನೋಡಿ ಯಂತ್ರಕ್ಕೆ ತಿಳಿಸಬೇಕಿತ್ತು. ಈಗ ನಾವು ಈ ಕೆಲಸವನ್ನು ಮರೆತೇಬಿಟ್ಟಿದ್ದೇವೆ.

ಪರದೆಯೇ ಇಲ್ಲದ ಗಣಕಯಂತ್ರವೊಂದಿದ್ದರೆ? ಇದು ಒಗಟಲ್ಲ. ಒಂದು ಗಣಕಯಂತ್ರದ ಒಳಗೆ ತಂತ್ರಾಂಶದಿಂದಲೇ ಇನ್ನೊಂದು ಗಣಕಯಂತ್ರವನ್ನು ಕಟ್ಟಿ ನಡೆಸುವ ಪದ್ಧತಿ ಇಂದು ಸರ್ವಸಾಮಾನ್ಯ. ವರ್ಚುವಲ್ ಮಷೀನ್ ಎನ್ನುತ್ತಾರೆ. ಅದಕ್ಕೆ ಡಿಸ್ಕ್ ಇದೆ, ಆದರೆ ಆ ಡಿಸ್ಕ್ ಒಂದು ಕಡತ. ಅದಕ್ಕೆ ಪರದೆಯೂ ಇದೆ, ಆದರೆ ಆ ಪರದೆ ಹೊರಗಿನ ಯಂತ್ರದ ಒಂದು ಕಿಟಕಿ. ಗಾಜಿಲ್ಲ, ಚೌಕಟ್ಟಿಲ್ಲ, ಕಾರ್ಖಾನೆಯಿಂದ ಬಂದ ಪರಿಚಯಪತ್ರವೂ ಇಲ್ಲ. ಒಳಗಿರುವ ಲಿನಕ್ಸ್ "ನನ್ನೆದುರಿಗೆ ಯಾರಿದ್ದಾರೆ?" ಎಂದು ಕೇಳಿದಾಗ ಸರಿಯಾದ ಉತ್ತರ ಬಾರದಿದ್ದರೆ, ಯಾವ ಪರದೆಗೂ ಹೊಂದುವ ಸಣ್ಣ ಅಳತೆಯೊಂದನ್ನು ಅದು ಆರಿಸಿಕೊಳ್ಳುತ್ತದೆ. ಅಪರಿಚಿತರ ಮನೆಗೆ ಹೋದವರು ಕುರ್ಚಿಯ ಅಂಚಿನಲ್ಲಿ ಕುಳಿತ ಹಾಗೆ.

ನಮ್ಮ ಊರಿನ ನಿವೃತ್ತ ಕನ್ನಡ ಮೇಷ್ಟ್ರ ಮನೆಯಲ್ಲಿ ಆದದ್ದು ಇದೇ. ಮೇಷ್ಟ್ರಿಗೆ ಎಂಬತ್ತು ದಾಟಿದೆ. ಮೂವತ್ತು ವರ್ಷ ಮಲೆನಾಡಿನ ಶಾಲೆಗಳಲ್ಲಿ ಪಾಠ ಹೇಳಿದವರು. ರಜೆಯ ದಿನಗಳಲ್ಲಿ ಹಳ್ಳಿ ಹಳ್ಳಿ ಅಲೆದು ಹೆಂಗಸರು ಬೀಸುವಾಗ, ನಾಟಿ ಮಾಡುವಾಗ ಹಾಡುತ್ತಿದ್ದ ಹಾಡುಗಳನ್ನು ನೋಟುಪುಸ್ತಕಗಳಲ್ಲಿ ಬರೆದುಕೊಂಡರು. ಹಾಡಿದವರಲ್ಲಿ ಬಹುಪಾಲು ಜನ ಈಗಿಲ್ಲ. ಹಾಡುಗಳನ್ನೆಲ್ಲ ಯಾರೋ ಬೆರಳಚ್ಚು ಮಾಡಿಕೊಟ್ಟಿದ್ದಾರೆ, ಕರಡು ತಿದ್ದುವುದಷ್ಟೇ ಬಾಕಿ. ಆದರೆ ಸಕ್ಕರೆ ಕಾಯಿಲೆಯಿಂದ ಅವರ ಒಂದು ಕಣ್ಣು ಮಸುಕಾಗಿ ವರ್ಷವಾಗಿದೆ, ಇನ್ನೊಂದರ ಬಗ್ಗೆಯೂ ವೈದ್ಯರು ಭರವಸೆ ಕೊಟ್ಟಿಲ್ಲ. "ಫಾದರ್, ಈ ಮಳೆಗಾಲ ಮುಗಿಯುವುದರೊಳಗೆ ಓದಿ ಮುಗಿಸಬೇಕು" ಎಂದು ಅವರು ಹೇಳಿದಾಗ ಅದರಲ್ಲಿ ಅವಸರದ ದನಿಯಿರಲಿಲ್ಲ. ಲೆಕ್ಕ ಹಾಕಿ ಹೇಳಿದಂತಿತ್ತು.

ಮೊಮ್ಮಗ ಬುದ್ಧಿವಂತ. ಲೆಕ್ಕಪತ್ರದ ಕೆಲಸಕ್ಕೆಂದು ಅವನಿಗೆ ವಿಂಡೋಸ್ ಬೇಕು. ಹಿಂದೊಮ್ಮೆ ಪೆನ್ ಡ್ರೈವ್‌ನಿಂದ ಬಂದ ವೈರಸ್ ಅಜ್ಜನ ಕಡತಗಳನ್ನು ಹಾಳುಮಾಡಿತ್ತು. ಆದ್ದರಿಂದ ಅವನು ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದೊಳಗೆ ಕ್ಸುಬುಂಟು ಲಿನಕ್ಸ್ ಕೂರಿಸಿ, ಅಜ್ಜನ ಹಾಡುಗಳನ್ನೆಲ್ಲ ಅದರೊಳಗಿಟ್ಟು, ಯು.ಎಸ್.ಬಿ. ಬಾಗಿಲನ್ನೂ ಮುಚ್ಚಿಬಿಟ್ಟಿದ್ದ. ದೇವರಕೋಣೆಯ ಹಾಗೆ ಪ್ರತ್ಯೇಕ. ಒಂದು ದಿನ ಲಿನಕ್ಸ್‌ನ ಕರ್ನಲ್ ನವೀಕರಣಗೊಂಡಿತು. ಮರುದಿನ ಪರದೆ 800 × 600ಕ್ಕೆ ಕುಗ್ಗಿತ್ತು. ಡಿಸ್‌ಪ್ಲೇ ಆಯ್ಕೆಗಳ ಪಟ್ಟಿಯಲ್ಲಿ ಲ್ಯಾಪ್‌ಟಾಪಿನ ನಿಜವಾದ ಅಳತೆ, ಅಂದರೆ 1366 × 768, ಇಲ್ಲವೇ ಇಲ್ಲ. ಅದರ ಹತ್ತಿರದ್ದೂ ಇಲ್ಲ.

"ಒಳ್ಳೆಯದೇ ಆಯಿತಲ್ಲ ಫಾದರ್, ಅಕ್ಷರ ದೊಡ್ಡದಾಗಿ ಕಾಣುತ್ತದೆ" ಎಂದು ಮನೆಯವರು ಅಂದರು. ಕಣ್ಣು ಸಾಲದವರಿಗೆ ಪರದೆಯ ರೆಸಲ್ಯೂಷನ್ ಕಡಿಮೆ ಮಾಡಿಕೊಡುವುದು ಅನೇಕ ಕಚೇರಿಗಳಲ್ಲೂ ನಡೆದುಬಂದ ರೂಢಿ. ಇದಕ್ಕೆ ನನ್ನ ಸಮ್ಮತಿಯಿಲ್ಲ. ಕಡಿಮೆ ಚುಕ್ಕಿಗಳ ಚಿತ್ರವನ್ನು ಎಳೆದು ಹಿಗ್ಗಿಸಿದಾಗ ಅಕ್ಷರ ಹಿರಿದಾಗುತ್ತದೆ ನಿಜ, ಆದರೆ ನಡುವಣ ಚುಕ್ಕಿಗಳನ್ನು ಯಂತ್ರ ಊಹೆಯಿಂದ ತುಂಬುತ್ತದೆ, ಅಂಚುಗಳು ಕದಡುತ್ತವೆ. ಇಂಗ್ಲಿಷಿನ ಅಕ್ಷರಗಳು ಇದನ್ನು ಹೇಗೋ ತಾಳಿಕೊಂಡಾವು. ಕನ್ನಡದಲ್ಲಿ ಅರ್ಥವೇ ಒತ್ತಕ್ಷರದಲ್ಲಿ ಅಡಗಿರುತ್ತದೆ, ಒತ್ತಕ್ಷರಕ್ಕೆ ಸಾಲಿನ ಕೆಳಗೆ ಸಿಕ್ಕುವ ಜಾಗ ನಾಲ್ಕಾರು ಚುಕ್ಕಿ. 'ಹಳ್ಳಿ'ಯೂ 'ಹಲ್ಲಿ'ಯೂ ಒಂದೇ ಆಗಿಬಿಡುತ್ತವೆ. ಪರದೆಯ ಪೂರ್ಣ ಅಳತೆಯನ್ನು ಉಳಿಸಿಕೊಂಡು ಅಕ್ಷರವನ್ನಷ್ಟೇ ಹಿರಿದುಮಾಡುವುದು ಸರಿಯಾದ ಮಾರ್ಗ. ಆಗ ಪ್ರತಿಯೊಂದು ಅಕ್ಷರಕ್ಕೂ ಹೆಚ್ಚು ಚುಕ್ಕಿಗಳು ದೊರೆತು ಅದು ಹಿರಿದೂ ಆಗುತ್ತದೆ, ಖಚಿತವೂ ಆಗುತ್ತದೆ.

ಮೊಮ್ಮಗ ಹತಾಶನಾಗಿದ್ದ. ಇಂಥ ಯಂತ್ರದ ಹಿಂದಿನ ಸ್ಥಿತಿಯ ಪ್ರತಿಯನ್ನು ಸ್ನ್ಯಾಪ್‌ಷಾಟ್ ಎಂದು ಉಳಿಸಿಡಬಹುದು, ಬೇಕಾದಾಗ ಅದಕ್ಕೆ ಮರಳಬಹುದು. ಅವನು ಮರಳಲು ಸಿದ್ಧನಾಗಿದ್ದ. ಆ ಪ್ರತಿ ಇಪ್ಪತ್ತು ದಿನ ಹಳೆಯದು, ಹಾಡುಗಳ ಕಡತವೋ ಅದೇ ಯಂತ್ರದೊಳಗಿದೆ. ಮರಳಿದ್ದರೆ ಮೇಷ್ಟ್ರು ಇಪ್ಪತ್ತು ದಿನ ಕಣ್ಣು ನೋಯಿಸಿಕೊಂಡು ಮಾಡಿದ ತಿದ್ದುಪಡಿಗಳೆಲ್ಲ ಒಂದೇ ಒತ್ತಿಗೆ ಅಳಿಸಿಹೋಗುತ್ತಿದ್ದವು. ನಾನು ಅವನ ಕೈಯಿಂದ ಮೌಸ್ ತೆಗೆದುಕೊಂಡೆ.

ಇಂಥ ಸಂದರ್ಭಗಳಲ್ಲಿ ಎಲ್ಲರೂ ಕೊಡುವ ಮೊದಲ ಸಲಹೆ "ವಿಡಿಯೋ ಮೆಮೊರಿ ಹೆಚ್ಚಿಸಿ" ಎಂಬುದು. ಲೆಕ್ಕ ಹಾಕಿ ನೋಡಬೇಕು. 1360 × 768 ಅಳತೆಯ ಚಿತ್ರಕ್ಕೆ ಚುಕ್ಕಿಗೆ ನಾಲ್ಕು ಬೈಟ್‌ನಂತೆ ಹಿಡಿದರೂ ಬೇಕಾಗುವುದು ಸುಮಾರು 4 ಮೆಗಾಬೈಟ್. ಆ ಯಂತ್ರಕ್ಕೆ 16 ಮೆಗಾಬೈಟ್ ಕೊಡಲಾಗಿತ್ತು. ರೋಗ ಅಲ್ಲಿರಲಿಲ್ಲ. ಸೆಟ್ಟಿಂಗ್‌ಗಳಲ್ಲಿ ಗ್ರಾಫಿಕ್ಸ್ ಕಂಟ್ರೋಲರ್ ಯಾವುದೆಂದು ನೋಡಿದೆ. ವಿ.ಎಂ.ಎಸ್.ವಿ.ಜಿ.ಎ. ಎಂದಿತ್ತು. ಲಿನಕ್ಸ್ ಅತಿಥಿಗಳಿಗೆ ಅದೇ ತಕ್ಕದ್ದು. ಉಳಿದದ್ದು ಗೆಸ್ಟ್ ಅಡಿಷನ್ಸ್. ಒಳಗಿನ ಯಂತ್ರಕ್ಕೂ ಹೊರಗಿನ ಯಂತ್ರಕ್ಕೂ ನಡುವೆ ದುಭಾಷಿಯ ಕೆಲಸ ಮಾಡುವ ತಂತ್ರಾಂಶ ಅದು. ಕಿಟಕಿಯನ್ನು ಹಿಗ್ಗಿಸಿದರೆ "ಪರದೆ ಇಷ್ಟಾಯಿತು" ಎಂದು ಒಳಗೆ ತಿಳಿಸುವುದು ಅದೇ, ಎರಡೂ ಯಂತ್ರಗಳು ಹಂಚಿಕೊಳ್ಳುವ ಕಡತಕೋಶವನ್ನು ತೆರೆದಿಡುವುದೂ ಅದೇ. ಅದರ ಕೆಲವು ಭಾಗಗಳನ್ನು ನಿರ್ದಿಷ್ಟ ಕರ್ನಲ್‌ಗೆಂದೇ ಹೊಲಿಯಬೇಕು. ಕರ್ನಲ್ ಬದಲಾಗಿದೆ, ಹೊಲಿಗೆ ಹಳೆಯದು. ಹೊಸ ಕರ್ನಲ್‌ನ ಹೆಡರ್ ಕಡತಗಳನ್ನೂ ಕಂಪೈಲರನ್ನೂ ತರಿಸಿ ಮತ್ತೆ ಹೊಲಿಸಿದರೆ ಮುಗಿಯಿತು. ಆದರೆ ತರಿಸಲು ಅಂತರ್ಜಾಲ ಬೇಕು. ಆಷಾಢದ ಮಳೆಯಲ್ಲಿ ನಮ್ಮ ಕಡೆ ಸಿಗ್ನಲ್ ಎಂಬುದು ಅತಿಥಿಯಿದ್ದಂತೆ, ಬಂದಾಗ ಬಂತು. ಆ ಸಂಜೆ ಬರಲಿಲ್ಲ. ಮೇಷ್ಟ್ರು ಪಕ್ಕದಲ್ಲಿ ಕನ್ನಡಕ ಒರೆಸುತ್ತಾ ಕಾಯುತ್ತಿದ್ದರು.

ಅಂಥ ವೇಳೆಗೆ ಒಂದು ಹಳೆಯ ದಾರಿಯಿದೆ. ಪರದೆ ತನ್ನ ಪರಿಚಯ ಹೇಳದಿದ್ದರೆ ಅದರ ಪರವಾಗಿ ನಾವೇ ಹೇಳಬಹುದು. 'ಸಿವಿಟಿ' ಎಂಬ ಆದೇಶಕ್ಕೆ ಅಗಲ ಎತ್ತರಗಳನ್ನು ಕೊಟ್ಟರೆ ಅದು ಮೋಡ್‌ಲೈನ್ ಎಂಬ ಒಂದು ಸಾಲನ್ನು ಬರೆದುಕೊಡುತ್ತದೆ. 1366 ಕೊಟ್ಟರೆ ಅದು 1368 ಎಂದು ತಿದ್ದಿಕೊಳ್ಳುತ್ತದೆ, ಏಕೆಂದರೆ ಅದರ ನಿಯಮದಲ್ಲಿ ಅಗಲವು ಎಂಟರಿಂದ ಭಾಗವಾಗಬೇಕು. ಎರಡು ಚುಕ್ಕಿ ಪರದೆಯ ಆಚೆಗೆ ಹೋಗುವುದು ಬೇಡವೆಂದು ನಾನು 1360 ಕೊಟ್ಟೆ. ಬಂದ ಸಾಲು ಹೀಗಿತ್ತು: 84.75, ಅನಂತರ 1360, 1432, 1568, 1776, ಅನಂತರ 768, 771, 781, 798.

ಈ ಅಂಕಿಗಳ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ಕಣ್ಣಿಗೆ ಕಾಣುವುದು 1360 × 768, ಅಂದರೆ 10,44,480 ಚುಕ್ಕಿ. ಆದರೆ ಯಂತ್ರ ಎಣಿಸುವುದು 1776 × 798, ಅಂದರೆ 14,17,248. ಸೆಕೆಂಡಿಗೆ 8 ಕೋಟಿ 47 ಲಕ್ಷ 50 ಸಾವಿರ ಚುಕ್ಕಿಗಳ ವೇಗದಲ್ಲಿ ಇದನ್ನು ಸುಮಾರು ಅರವತ್ತು ಸಲ ಎಣಿಸಿ ಮುಗಿಸುತ್ತದೆ. ನಡುವಣ 3,72,768 ಚುಕ್ಕಿಗಳು ಎಲ್ಲಿಯೂ ಕಾಣಿಸವು. ಹಳೆಯ ಗಾಜಿನ ಕೊಳವೆಯ ಪರದೆಗಳಲ್ಲಿ ಎಲೆಕ್ಟ್ರಾನ್ ಕಿರಣ ಒಂದು ಸಾಲನ್ನು ಬರೆದು ಮುಗಿಸಿ ಮುಂದಿನ ಸಾಲಿನ ಆರಂಭಕ್ಕೆ ಮರಳಬೇಕಿತ್ತು, ಪುಟ ಮುಗಿದಾಗ ಕೆಳಗಿನಿಂದ ಮೇಲಕ್ಕೆ ಏರಬೇಕಿತ್ತು. ಆ ಮರಳುವಿಕೆಗೆ ಬಿಟ್ಟ ಖಾಲಿ ಸಮಯವೇ ಈ ಕಾಣದ ಚುಕ್ಕಿಗಳು. ಸೆಮಿನರಿಯಲ್ಲಿ ನಾವು ಬೆರಳಚ್ಚು ಕಲಿತ ಯಂತ್ರದಲ್ಲೂ ಸಾಲು ಮುಗಿದಾಗ ಗಂಟೆ ಬಾರಿಸುತ್ತಿತ್ತು, ಗಾಡಿಯನ್ನು ಕೈಯಿಂದ ಹಿಂದಕ್ಕೆ ತಳ್ಳಬೇಕಿತ್ತು, ಆ ಕ್ಷಣದಲ್ಲಿ ಅಕ್ಷರ ಮೂಡುತ್ತಿರಲಿಲ್ಲ. ಕೊಳವೆಯ ಪರದೆಗಳು ಗುಜರಿ ಸೇರಿ ಎಷ್ಟೋ ಕಾಲವಾಯಿತು. ಇಲ್ಲಂತೂ ಕಿರಣವಿಲ್ಲ, ಕೊಳವೆಯಿಲ್ಲ, ಪರದೆಯೇ ಇಲ್ಲ. ಆದರೂ ಇಲ್ಲದ ಕಿರಣ ಇಲ್ಲದ ಗಾಜಿನ ಮೇಲೆ ಮರಳಿ ಬರಲೆಂದು ಕಾಲುಭಾಗಕ್ಕಿಂತ ಹೆಚ್ಚು ಸಮಯವನ್ನು ಲೆಕ್ಕದಲ್ಲಿ ಮೀಸಲಿಡಲಾಗಿದೆ. ಯಾವ ವೈಯಾಕರಣಿಯೂ ಇಷ್ಟು ನಿಷ್ಠೆಯಿಂದ ಹಳೆಯ ರೂಪವನ್ನು ಉಳಿಸಿಕೊಂಡಿರಲಾರ.

ಮುಂದಿನದು ಮೂರು ಆದೇಶಗಳು, ಮೂರೂ 'ಎಕ್ಸ್‌ರಾಂಡರ್' ಎಂಬ ಒಂದೇ ಉಪಕರಣದವು: ಈ ಸಾಲನ್ನು ಹೊಸ ಮೋಡ್ ಎಂದು ನೋಂದಾಯಿಸು, ಅದನ್ನು 'ವರ್ಚುವಲ್-1' ಎಂಬ ಹೆಸರಿನ ಪರದೆಗೆ ಸೇರಿಸು, ಈಗ ಅದನ್ನೇ ಬಳಸು. ಪರದೆಯ ಹೆಸರು ಯಂತ್ರದಿಂದ ಯಂತ್ರಕ್ಕೆ ಬೇರೆಯಾದೀತು, ಬರಿಯ 'ಎಕ್ಸ್‌ರಾಂಡರ್' ಎಂದು ಬರೆದರೆ ಅದೇ ತಿಳಿಸುತ್ತದೆ. ಒಮ್ಮೆ ಪರದೆ ಕಪ್ಪಾಗಿ, ಮತ್ತೆ ಬೆಳಗಿ, ಕಿಟಕಿ ತುಂಬಿತು. ಯಂತ್ರ ಮತ್ತೆ ಆರಂಭವಾದರೆ ಈ ಏರ್ಪಾಡು ಮರೆತುಹೋಗುತ್ತದೆ. ಆದ್ದರಿಂದ ಲಾಗಿನ್ ಆದಾಗಲೆಲ್ಲ ಓದಲ್ಪಡುವ 'ಎಕ್ಸ್‌ಪ್ರೊಫೈಲ್' ಕಡತದಲ್ಲಿ ಮೂರನ್ನೂ ಬರೆದಿಟ್ಟೆ. ಒಂದು ಮಾತು: ಇದು ಎಕ್ಸ್ ಎಂಬ ಹಳೆಯ ಪ್ರದರ್ಶನ ವ್ಯವಸ್ಥೆಯ ಮೇಲೆ ನಡೆಯುವ ಡೆಸ್ಕ್‌ಟಾಪ್‌ಗಳಿಗಷ್ಟೇ ಒದಗುವ ಉಪಾಯ. ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯಲ್ಲಿ ಎಕ್ಸ್‌ರಾಂಡರ್ ಮಾತು ನಡೆಯುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 25.10ರ ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಎಕ್ಸ್‌ನ ಆಯ್ಕೆಯನ್ನೇ ತೆಗೆದಿದ್ದಾರೆ. ಅಲ್ಲಿ ಗೆಸ್ಟ್ ಅಡಿಷನ್ಸ್‌ನ ಹೊಲಿಗೆಯನ್ನೇ ನೆಚ್ಚಿಕೊಳ್ಳಬೇಕು.

ಮರುದಿನ ಸಿಗ್ನಲ್ ಬಂತು. ಮೊಮ್ಮಗ ತಾನೇ ಹೆಡರ್‌ಗಳನ್ನು ತರಿಸಿ ಹೊಲಿಗೆ ಹಾಕಿಸಿದ. ನಾನು ಹೋಗಬೇಕಾಗಲಿಲ್ಲ.

ಆದರೆ ಹಿಂದಿನ ಸಂಜೆಯೇ ಕೆಲಸ ಶುರುವಾಗಿತ್ತು. ಪುಟವನ್ನು ಇನ್ನೂರು ಪ್ರತಿಶತಕ್ಕೆ ಹಿಗ್ಗಿಸಿ ಲ್ಯಾಪ್‌ಟಾಪನ್ನು ಮೇಷ್ಟ್ರ ಕಡೆಗೆ ತಿರುಗಿಸಿದೆ. ಅವರು ಮುಖವನ್ನು ಪರದೆಗೆ ತೀರ ಹತ್ತಿರ ತಂದು, ಬೆರಳಿನಿಂದ ಸಾಲಿನ ಕೆಳಗೆ ಗೆರೆ ಎಳೆಯುತ್ತಾ ಮೆಲ್ಲಗೆ ಹಾಡಿಕೊಳ್ಳುತ್ತಲೇ ಓದತೊಡಗಿದರು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ 'ಬಲ್ಲ' ಎಂದು ಹಾಕಿದ್ದಾರಲ್ಲ ಫಾದರ್. ಇದು 'ಬಳ್ಳ'. ಅತ್ತೆ ಸೊಸೆಗೆ ಅಕ್ಕಿ ಅಳೆದು ಕೊಡುವ ಬಳ್ಳ. ನಿನ್ನೆ ಇದನ್ನೇ ಎರಡು ಸಲ ಓದಿದ್ದೆ, ಕಾಣಲೇ ಇಲ್ಲ."

ಮೊಮ್ಮಗ ತಿದ್ದಿದ. ಮೇಷ್ಟ್ರು ಮುಂದಿನ ಹಾಡಿಗೆ ಹೋದರು.