ಪ್ರಶ್ನೆ ಕೇಳಿದವನ ಪಾಡು

ಉತ್ತರ ಗೊತ್ತಿಲ್ಲದೆ ಪರೀಕ್ಷೆಗೆ ಕುಳಿತವನ ಪಾಡು ಯಾರಿಗೆ ತಿಳಿಯದು? ಆದರೆ ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಅವನ ಪಾಡೇನೆಂಬುದನ್ನು ನಾನು ಅನುಭವಿಸಿದ್ದೇನೆ.

ಸಾಮಾನ್ಯ ಜ್ಞಾನದ ಹುಚ್ಚು ನನಗೆ ಹಳೆಯದು. ಲಿಂಗಸುಗೂರಿನ ನಮ್ಮ ಮನೆಯಲ್ಲಿ ಕೆಂಪು ರಟ್ಟಿನ ಒಂದು ನೋಟುಬುಕ್ಕು ಇದೆ. ಕಂಡದ್ದು ಕೇಳಿದ್ದೆಲ್ಲ ಅದರೊಳಗೆ. “ಮನ್ಯಾಗ ಅಕ್ಕಿ ತೀರಿದ್ದು ನಿಮಗ ನೆನಪಿರಂಗಿಲ್ಲ, ಸತ್ತ ರಾಜರ ಹೆಸರೆಲ್ಲ ನೆನಪದ” ಎಂದು ನನ್ನ ಹೆಂಡತಿ ಆಗಾಗ ಅನ್ನುವುದುಂಟು. ಮಾತು ಸುಳ್ಳಲ್ಲವಾದ್ದರಿಂದ ನಾನು ಉತ್ತರ ಕೊಡುವುದಿಲ್ಲ.

ಈ ನೋಟುಬುಕ್ಕಿನ ಕೀರ್ತಿ ಸಿಂಧನೂರಿನವರೆಗೆ ಹಬ್ಬಿ, ಅಲ್ಲಿನ ಶಾಲೆಯೊಂದರವರು ರಸಪ್ರಶ್ನೆ ನಡೆಸಿಕೊಡಲು ನನ್ನನ್ನು ಕರೆದರು. ಶಾಲು ಹೊದ್ದು ಹೊರಟೆ. ದಾರಿಯಲ್ಲಿ ಮಸ್ಕಿ ಬಂತು. ಬಸ್ಸಿನ ಕಿಟಕಿಯಿಂದ ಗುಡ್ಡ ಕಂಡಿತು. ಕಂಡ ಕೂಡಲೇ ಒಂದು ಪ್ರಶ್ನೆ ಹುಟ್ಟಿತು. ಅಲ್ಲಿಂದಲೇ ನನ್ನ ಗ್ರಹಚಾರ ಶುರುವಾಯಿತೆನ್ನಬೇಕು.

ಪ್ರಶ್ನೆಗಳು ಸೊಗಸಾಗಿಯೇ ಸಾಗಿದವು. 1952ರಲ್ಲಿ ಸಿಲೋನ್ ರೇಡಿಯೋದಲ್ಲಿ ಶುರುವಾಗಿ ಮನೆಮಾತಾದ ಹಾಡಿನ ಕಾರ್ಯಕ್ರಮಕ್ಕೆ ಯಾವ ಹಲ್ಲುಪುಡಿ ಕಂಪನಿಯವರ—ಅಲ್ಲ, ಯಾವ ಟೂತ್‌ಪೇಸ್ಟಿನ ಹೆಸರಿತ್ತು ಎಂದು ಕೇಳಿದೆ. ಮಕ್ಕಳು ಪಿಳಿಪಿಳಿ ನೋಡಿದವು, ಹಿಂದೆ ಕುಳಿತಿದ್ದ ಮುದುಕರೆಲ್ಲ ಒಂದೇ ಕೊರಳಿನಲ್ಲಿ “ಬಿನಾಕಾ!” ಎಂದರು. ಆಕಾಶವಾಣಿಯವರು ಸಿನಿಮಾ ಹಾಡಿಗೆ ಬಾಗಿಲು ಮುಚ್ಚಿದ ಕಾಲವದು; ಲಾಭ ಟೂತ್‌ಪೇಸ್ಟಿಗಾಯಿತು. ಜಾಹೀರಾತಿನ ಜಾಣತನವೆಂದರೆ ಇದು. ಹಾಡು ಮರೆತವರಿಗೂ ಹೆಸರು ನೆನಪಿದೆ.

ಅನಂತರ ನಮ್ಮೂರ ಪ್ರಾಣೇಶದಾಸರ ಅಂಕಿತ ಯಾವುದೆಂದು ಕೇಳಿದೆ. “ಪ್ರಾಣೇಶವಿಠಲ” ಎಂದು ಹುಡುಗಿಯೊಬ್ಬಳು ಥಟ್ಟನೆ ಹೇಳಿದಳು. ಮನೆಯಲ್ಲಿ ಅಜ್ಜಿ ಹಾಡುತ್ತಿರಬೇಕು. ದಾಸರ ಹಾಡುಗಳನ್ನು ಹುಡುಕಿ ಅಚ್ಚುಹಾಕಿಸಲು ಜೀವ ತೇಯ್ದ ಗೋರೆಬಾಳ ಹನುಮಂತರಾಯರು ನಮ್ಮ ಲಿಂಗಸುಗೂರಿನಲ್ಲಿದ್ದರು. ಹಾಡಿನ ಕೊನೆಗೆ ಅಂಕಿತವಿದ್ದದ್ದರಿಂದ ಯಾವುದು ಯಾರದೆಂದು ವಿಂಗಡಿಸಲು ಒಂದು ಹಿಡಿಕೆಯಾದರೂ ಇತ್ತು.

ಅಶೋಕನ ಸಂಗತಿ ಹಾಗಲ್ಲ. ದೇಶದ ತುಂಬ ಬಂಡೆಗಳ ಮೇಲೆ ಮಾತು ಕೆತ್ತಿಸಿ, ಹೆಸರು ಹಾಕುವ ಕಡೆ ‘ದೇವಾನಾಂಪ್ರಿಯ’ ಎಂದು ಬಿಟ್ಟ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೂ ಈ ಪುಣ್ಯಾತ್ಮ ಯಾರೆಂದು ತಿಳಿಯಲು ಸಿಂಹಳದ ಗ್ರಂಥಗಳನ್ನು ತಿರುವಬೇಕಾಯಿತು. ಊಹೆ ಸರಿಯಾಗಿಯೇ ಇತ್ತು. ಕಲ್ಲಿನ ಸಾಕ್ಷಿ ಇರಲಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಮಸ್ಕಿಯ ಗುಡ್ಡಕ್ಕೆ ಬಂದ. ಹಟ್ಟಿಯ ಚಿನ್ನದ ಸೀಮೆಯಲ್ಲವೇ? ಅವನಿಗೆ ಸಿಕ್ಕಿದ್ದು ಅಕ್ಷರ. ಹೆಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು: ದೇವಾನಾಂಪ್ರಿಯನ ಜತೆಗೆ ಅಶೋಕನೆಂಬ ಹೆಸರೇ ಅಲ್ಲಿತ್ತು. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಚಿಕ್ಕವರಿಗೂ ಅದು ಸಿಗುವಂಥದೇ ಎಂಬುದು ಆ ಶಾಸನದ ಸಾರ.

ಇಷ್ಟೆಲ್ಲ ತಿಳಿದಿದ್ದ ನಾನು, ಗತ್ತಿನಿಂದ ಕೇಳಿದೆ: “ಅಶೋಕನ ಹೆಸರಿರುವ ಏಕೈಕ ಶಾಸನ ಎಲ್ಲಿದೆ?”

ಹಿಂದಿನ ಬೆಂಚಿನ ತಂಡದ ಹುಡುಗನೊಬ್ಬ ಎದ್ದ. “ಒಂದೇ ಅಲ್ರಿ ಸರ. ಮಸ್ಕ್ಯಾಗೂ ಐತ್ರಿ, ನಮ್ಮ ಸೋದರತ್ತಿ ಊರು ಉಡೆಗೋಳದಾಗೂ ಐತ್ರಿ.”

ಸಭೆ ನಕ್ಕಿತು. ನಾನೂ ನಕ್ಕೆ; ಅದೇ ಈಗ ಚುಚ್ಚುವುದು. “ತಮ್ಮಾ, ಅತ್ತೆಯ ಊರೆಲ್ಲ ಅಶೋಕನ ಊರಲ್ಲ” ಎಂದು ಹಾಸ್ಯಮಾಡಿ, ಅಂಕ ಪಕ್ಕದ ತಂಡಕ್ಕೆ ಕೊಟ್ಟೆ. ಹುಡುಗ ವಾದಿಸಲಿಲ್ಲ. ಕುಳಿತುಕೊಂಡು ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದ. ಕೊನೆಗೆ ಅವನ ತಂಡ ಸೋತದ್ದು ಆ ಒಂದೇ ಪ್ರಶ್ನೆಯಿಂದ.

ರಾತ್ರಿ ಮನೆಗೆ ಬಂದು ಪುಸ್ತಕಗಳನ್ನು ತೆಗೆದೆ. 1950ರ ದಶಕದಲ್ಲಿ ಮಧ್ಯಪ್ರದೇಶದ ಗುಜರ್ರಾದಲ್ಲಿ ಅಶೋಕನ ಹೆಸರು ಸಿಕ್ಕಿತ್ತು. 1970ರ ದಶಕದಲ್ಲಿ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲಿ ಸಿಕ್ಕಿತು. ಉಡೆಗೋಳದಲ್ಲಿಯೂ ಸಿಕ್ಕಿತು. ಮಸ್ಕಿಯದು ಮೊದಲನೆಯದು, ನಿಜ, ಏಕೈಕವಲ್ಲ. ನನ್ನ ನೋಟುಬುಕ್ಕು ಯಾವುದೋ ಹಳೆಯ ಪಠ್ಯಪುಸ್ತಕದಲ್ಲಿಯೇ ನಿಂತುಬಿಟ್ಟಿತ್ತು.

ಬೆಳಿಗ್ಗೆ ಹೆಡ್‌ಮಾಸ್ತರರಿಗೆ ಫೋನು ಮಾಡಿದೆ. “ಇರ್ಲಿ ಬಿಡ್ರಿ ಸರ, ಬಹುಮಾನ ಹಂಚಿ ಆಗ್ಯದ” ಎಂದರು. ಬಿಡಲು ಮನಸ್ಸಾಗಲಿಲ್ಲ. ಮುಂದಿನ ವಾರ ಮತ್ತೆ ಸಿಂಧನೂರಿಗೆ ಹೋಗಿ, ಪ್ರಾರ್ಥನೆಯ ಹೊತ್ತಿಗೆ ಎಲ್ಲ ಮಕ್ಕಳ ಮುಂದೆ ನಿಂತು, ತಪ್ಪು ನನ್ನದು, ಹುಡುಗ ಹೇಳಿದ್ದೇ ಸರಿ ಎಂದು ಹೇಳಿದೆ. ಹೇಳುವಾಗ ಕಾಲು ನಡುಗಿದ್ದನ್ನು ಮುಚ್ಚಿಡುವುದಿಲ್ಲ. ಒಂದು ಪುಸ್ತಕವನ್ನೂ ಅವನ ಕೈಗಿತ್ತೆ.

ಅವನು ಪುಸ್ತಕ ಬಿಚ್ಚಲಿಲ್ಲ. “ಸರ, ನೀವು ಉಡೆಗೋಳದ ಕಲ್ಲು ನೋಡೀರೇನ್ರಿ?” ಎಂದು ಕೇಳಿದ.

ಸಿಂಧನೂರಿನಿಂದ ಸಿರುಗುಪ್ಪದ ಬಸ್ಸು ಹತ್ತಿ ತುಂಗಭದ್ರೆ ದಾಟಿದರಾಯಿತು, ಮಹಾ ದೂರವೇನಲ್ಲ. ನಾನು ನೋಡಿರಲಿಲ್ಲ. ಇಲ್ಲವೆಂದೆ.

“ದೀಪಾವಳಿ ಸೂಟ್ಯಾಗ ಬರ್ರಿ ಸರ, ನಾ ಅಲ್ಲೇ ಇರ್ತೀನ್ರಿ” ಎಂದ.